ಬ್ರಿಸ್ಬೇನ್ ಪಟ್ಟಣದ ವಿಕ್ಟೋರಿಯಾ ಸೇತುವೆ

ಸೇತು ಎಂಬ ಶಬ್ದವು ಕಟ್ಟುವುದೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದುದು. ಎರಡು ದಡಗಳನ್ನು ಒಂದಕ್ಕೊಂದು ಕಟ್ಟುವುದರಿಂದ ಹೊಳೆಯ ಮೇಲಣ ಹಾದಿ ಸೇತುವಾಯಿತು; ನೀರನ್ನು ಮುಂದೆ ಹರಿಯಗೊಡದೆ ಕಟ್ಟಿ ನಿಲ್ಲಿಸುವುದರಿಂದ ಕೆರೆಯ ಏರಿಯೂ ಸೇತುವಾಯಿತು. ಆದುದರಿಂದ ಸಂಸ್ಕೃತದಲ್ಲಿ ಈ ಒಂದೇ ಪದವು ದಾಟಿಸುವ ಸಾಧನವೆಂಬ ಅರ್ಥವನ್ನೂ ಮೀರಬಾರದ ಮೇರೆಯೆಂಬ ಅರ್ಥವನ್ನೂ ಹೊತ್ತುಕೊಂಡಿದೆ. ಛಾಂದೋಗ್ಯೋಪನಿಷತ್ತಿನಲ್ಲಿ ಆತ್ಮನನ್ನು ಸೇತುವೆಂದು ಕರೆದಿರುವುದು, ಲೋಕಗಳು ಒಂದರೊಡನೊಂದು ಕಲಸಿಹೋಗದಂತೆ ಹಿಡಿದಿರುವ ಮೇರೆಯೆಂಬ ಈ ಎರಡನೆಯ ಅರ್ಥದಲ್ಲಿಯೇ. ಕನ್ನಡದಲ್ಲಿ ಸೇತುವೆಯೆಂದೊಡನೆ ಮೊದಲನೆಯ ಅರ್ಥವು ಮಾತ್ರ ಮನಸ್ಸಿಗೆ ಬರುವುದು. ಆಸ್ಟ್ರೇಲಿಯಾ ದೇಶದ ಬ್ರಿಸ್ಬೇನ್ ಪಟ್ಟಣದ ನಡುವೆ ಇರುವ ವಿಕ್ಟೋರಿಯಾ ಸೇತುವೆಯು ಈ ಎರಡು ಅರ್ಥಗಳಿಗೂ ಸಲ್ಲತಕ್ಕದ್ದಾಗಿದೆ.

೨೦೨೧ನೆಯ ಇಸವಿ ಜನವರಿ ೨೪ರಂದು ಆ ಪಟ್ಟಣದ ನಗರಸಭೆಯವರು ಈ ಸೇತುವೆಯ ಮೇಲೆ ಖಾಸಗಿ ಮೋಟಾರು ಗಾಡಿಗಳ ಸಂಚಾರವನ್ನು ಶಾಶ್ವತವಾಗಿ ನಿಲ್ಲಿಸಿದರು. ಅಂದಿನಿಂದ ಅದು ಬಸ್ಸುಗಳಿಗೂ, ಬೈಸಿಕಲ್ಲು ಸವಾರರಿಗೂ, ಪಾದಚಾರಿಗಳಿಗೂ ಮೀಸಲಾಯಿತು. ಸೇತುವೆಗೆ ಆಗ ವಯಸ್ಸು ಐವತ್ತೆರಡು ವರ್ಷವೂ ತುಂಬಿರಲಿಲ್ಲ. ಅದರಲ್ಲಿ ಬಿರುಕು ಬಿಟ್ಟಿರಲಿಲ್ಲ, ಕಂಬ ಕುಸಿದಿರಲಿಲ್ಲ. ಹೀಗಿರಲು, ಪಟ್ಟಣದ ಮುಖ್ಯ ಬೀದಿಯ ತುದಿಯಲ್ಲಿ ಗಟ್ಟಿಯಾಗಿ ನಿಂತಿರುವ ಸೇತುವೆಯನ್ನು ಕಾರುಗಳಿಗೆ ಏಕೆ ಮುಚ್ಚಬೇಕಾಯಿತು? ಇದಕ್ಕೆ ಉತ್ತರವು ಒಂದೆರಡು ವರ್ಷಗಳ ಸಂಗತಿಯಿಂದ ತಿಳಿಯುವಂತಹುದಲ್ಲ. ಆ ಸ್ಥಳದಲ್ಲಿ ಒಂದರ ಹಿಂದೊಂದಾಗಿ ನಿಂತ ನಾಲ್ಕು ಸೇತುವೆಗಳ ವೃತ್ತಾಂತವನ್ನು ನೋಡಬೇಕು.

ಬ್ರಿಸ್ಬೇನ್ ನದಿಯು ಹಾವಿನಂತೆ ಬಳುಕುತ್ತ ಪಟ್ಟಣದ ಮಧ್ಯದಲ್ಲಿ ಹರಿದು ಮೋರ್ಟನ್ ಕೊಲ್ಲಿಯನ್ನು ಸೇರುತ್ತದೆ. ಟರ್ಬಲ್ ಮತ್ತು ಜಗೇರ ಎಂಬ ಮೂಲನಿವಾಸಿಗಳು ಅನಾದಿಯಾಗಿ ಆ ದಡಗಳಲ್ಲಿ ವಾಸವಾಗಿದ್ದರು. ೧೮೨೩ರಲ್ಲಿ ಜಾನ್ ಆಕ್ಸ್‌ಲಿ ಎಂಬ ಆಂಗ್ಲ ಅಧಿಕಾರಿಯು ನದಿಯನ್ನು ಹೊಕ್ಕು ನೋಡಿ, ಅದಕ್ಕೆ ಅಂದಿನ ಗವರ್ನರ್ ಸರ್ ಥಾಮಸ್ ಬ್ರಿಸ್ಬೇನನ ಹೆಸರನ್ನಿಟ್ಟನು. ೧೮೨೪ರಲ್ಲಿ ಕೊಲ್ಲಿಯ ತೀರದಲ್ಲಿ ಆರಂಭವಾದ ಕೈದಿಗಳ ಪಾಳೆಯವು ಮರುವರ್ಷ ನದಿಯ ಉತ್ತರ ದಡಕ್ಕೆ ಬಂದಿತು. ೧೮೪೨ರಲ್ಲಿ ಸಾಮಾನ್ಯ ಜನರು ಬಂದು ನೆಲೆಸುವುದಕ್ಕೆ ಅಪ್ಪಣೆಯಾಯಿತು. ಉತ್ತರ ದಡದಲ್ಲಿ ಸರ್ಕಾರದ ಕಟ್ಟಡಗಳು. ದಕ್ಷಿಣ ದಡದಲ್ಲಿ ಒಳನಾಡಿನಿಂದ ಉಣ್ಣೆಯನ್ನು ಹೇರಿಕೊಂಡು ಬರುವ ಎತ್ತಿನ ಬಂಡಿಗಳ ತಂಗುದಾಣ. ಒಂದು ದಡದಲ್ಲಿ ಅಧಿಕಾರ, ಇನ್ನೊಂದು ದಡದಲ್ಲಿ ವ್ಯಾಪಾರ. ಎರಡಕ್ಕೂ ನಡುವೆ ದೋಣಿಯೊಂದೇ ಸಂಬಂಧ. ಈ ಎರಡು ಊರುಗಳಿಗೆ ಪರಸ್ಪರ ಮತ್ಸರವು ಬಹುಕಾಲ ಇದ್ದಿತು. ದಕ್ಷಿಣ ಬ್ರಿಸ್ಬೇನಿನವರು ೧೮೮೮ರಲ್ಲಿ ತಮ್ಮದೇ ಪುರಸಭೆಯನ್ನು ಮಾಡಿಕೊಂಡು ಪ್ರತ್ಯೇಕವಾದರು; ೧೯೨೫ರಲ್ಲಿ ಮಹಾನಗರದ ಸಭೆಯು ಏರ್ಪಟ್ಟ ಮೇಲೆಯೇ ಎರಡು ದಡಗಳೂ ಒಂದೇ ಆಡಳಿತಕ್ಕೆ ಒಳಪಟ್ಟವು. ಕಲ್ಲು ಕಬ್ಬಿಣಗಳ ಸೇತುವೆ ಕಟ್ಟಿದ ಮೇಲೂ ಮನಸ್ಸುಗಳ ಸೇತುವೆಗೆ ಅರವತ್ತು ವರ್ಷ ಬೇಕಾಯಿತೆನ್ನಬಹುದು.

೧೮೫೯ರಲ್ಲಿ ಕ್ವೀನ್ಸ್‌ಲೆಂಡ್ ಪ್ರತ್ಯೇಕ ಪ್ರಾಂತವಾಗಿ, ಬ್ರಿಸ್ಬೇನ್ ಅದರ ರಾಜಧಾನಿಯಾಯಿತು. ರಾಜಧಾನಿಯೆಂದ ಮೇಲೆ ದೋಣಿಯನ್ನು ನಂಬಿಕೊಂಡಿರುವುದು ಘನತೆಗೆ ಕುಂದೆಂದು ತೋರಿತು. ೧೮೬೪ರಲ್ಲಿ ಗವರ್ನರ್ ಬೋವೆನನು ಕಬ್ಬಿಣದ ಸೇತುವೆಯೊಂದಕ್ಕೆ ಶಂಕುಸ್ಥಾಪನೆ ಮಾಡಿದನು. ಅದು ಮುಗಿಯುವವರೆಗೆ ಜನರು ದಾಟುವುದಕ್ಕೆಂದು ಕಟ್ಟಿದ ಮರದ ತಾತ್ಕಾಲಿಕ ಸೇತುವೆಯು ೧೮೬೫ರಲ್ಲಿ ಬಳಕೆಗೆ ಬಂದಿತು. ಈ ಮರದ ಸೇತುವೆಯನ್ನೇ ಮೊದಲನೆಯ ವಿಕ್ಟೋರಿಯಾ ಸೇತುವೆಯೆಂದು ಎಣಿಸುವುದು ವಾಡಿಕೆ.

ಇಲ್ಲಿ ಎರಡು ವಿಪತ್ತುಗಳು ಒದಗಿದವು. ೧೮೬೬ರಲ್ಲಿ ಲಂಡನ್ನಿನ ಹಣದ ಪೇಟೆಯು ಮುಗ್ಗರಿಸಿತು. ಆಗ ದಿವಾಳಿಯಾದವುಗಳಲ್ಲಿ ಆಗ್ರಾ ಅಂಡ್ ಮಾಸ್ಟರ್‌ಮನ್ಸ್ ಬ್ಯಾಂಕು ಒಂದು. ಹೆಸರೇ ಹೇಳುವಂತೆ ಅದರ ಮೂಲವಿದ್ದುದು ಯಮುನಾತೀರದ ಆಗ್ರಾ ನಗರದಲ್ಲಿ. ೧೮೩೩ರಲ್ಲಿ ಅಲ್ಲಿ ಹುಟ್ಟಿ ಲಂಡನ್ನಿನವರೆಗೆ ಬೆಳೆದ ಬ್ಯಾಂಕು ಅದು. ಕ್ವೀನ್ಸ್‌ಲೆಂಡಿನ ಸರ್ಕಾರವು ರೈಲುದಾರಿ ಮೊದಲಾದ ಕೆಲಸಗಳಿಗೆ ಅದರ ಸಾಲವನ್ನೇ ನೆಚ್ಚಿಕೊಂಡಿದ್ದಿತು. ಬ್ಯಾಂಕು ಮುಳುಗಿದೊಡನೆ ಪ್ರಾಂತದ ಬೊಕ್ಕಸವು ಬರಿದಾಗಿ, ಕೂಲಿಗಾರರು ಬೀದಿಗೆ ಬಿದ್ದು, ಕಬ್ಬಿಣದ ಸೇತುವೆಯ ಆಶೆಯು ದೂರವಾಯಿತು. ಆಗ್ರಾದಲ್ಲಿ ಕೂಡಿಟ್ಟ ಹಣಕ್ಕೂ ಬ್ರಿಸ್ಬೇನಿನ ಸೇತುವೆಗೂ ಇದ್ದ ನಂಟು ಅಂದಿನವರಲ್ಲಿ ಎಷ್ಟು ಮಂದಿಗೆ ಹೊಳೆದಿದ್ದೀತು! ಎರಡನೆಯ ವಿಪತ್ತು ನೀರಿನೊಳಗಿಂದ ಬಂದಿತು. ಸಮುದ್ರದ ಉಬ್ಬರದಿಂದ ಬ್ರಿಸ್ಬೇನ್ ನದಿಯು ಪಟ್ಟಣದವರೆಗೂ ಉಪ್ಪಾಗಿರುತ್ತದೆ. ಆ ಉಪ್ಪುನೀರಿನಲ್ಲಿ ಮರವನ್ನು ಕೊರೆದು ತಿನ್ನುವ ಜಂತುವೊಂದುಂಟು. ಹುಳುವೆಂದು ಕರೆದರೂ ಅದು ನಿಜವಾಗಿ ಕಪ್ಪೆಚಿಪ್ಪಿನ ಜಾತಿಗೆ ಸೇರಿದುದು; ಹೊರಗೆ ಸಣ್ಣ ತೂತಷ್ಟೇ ಕಾಣುವುದು, ಒಳಗೆ ತೊಲೆಯೆಲ್ಲ ಜರಡಿಯಾಗಿರುವುದು. ಸೇತುವೆಯ ಮರದ ಕಂಬಗಳು ಹೀಗೆ ಕಣ್ಣಿಗೆ ಬೀಳದಂತೆ ಸವೆದು, ೧೮೬೭ರ ನವೆಂಬರಿನಲ್ಲಿ ಸೇತುವೆಯು ಕುಸಿದುಬಿದ್ದಿತು. ಎರಡೂವರೆ ವರ್ಷವೂ ಬಾಳಲಿಲ್ಲ. ಜನರು ಮತ್ತೆ ದೋಣಿಗೆ ಕಾಸು ಕೊಟ್ಟರು.

ಎರಡನೆಯದಾದ ಕಬ್ಬಿಣದ ಸೇತುವೆಯು ೧೮೭೪ರ ಜೂನ್ ೧೫ರಂದು ತೆರೆಯಿತು. ಎತ್ತರವಾದ ಕೂವೆಕಂಬದ ಹಡಗುಗಳು ನದಿಯಲ್ಲಿ ಮೇಲಕ್ಕೆ ಹೋಗಲು ಅನುಕೂಲವಾಗುವಂತೆ ಅದರ ಒಂದು ಭಾಗವನ್ನು ಪಕ್ಕಕ್ಕೆ ತಿರುಗಿಸುವ ಏರ್ಪಾಡಿದ್ದಿತು. ಹಡಗು ಬಂದಾಗ ನಡೆಯುವವರು ನಿಲ್ಲಬೇಕು; ಹಡಗು ಹೋದ ಮೇಲೆ ದಾಟಬೇಕು. ಇದಲ್ಲದೆ ಸೇತುವೆಯ ಸಾಲವನ್ನು ತೀರಿಸುವುದಕ್ಕಾಗಿ ದಾಟುವವರಿಂದ ಸುಂಕವನ್ನು ವಸೂಲು ಮಾಡುತ್ತಿದ್ದರು. ಜನರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಕಾಲಿನಲ್ಲಿ ನಡೆಯುವವನಿಗೂ ಸುಂಕವೆಂದರೆ ದಕ್ಷಿಣದ ಕೂಲಿಗಾರನು ಉತ್ತರದ ಕೆಲಸಕ್ಕೆ ಹೋಗಿಬರುವುದಕ್ಕೇ ತನ್ನ ಸಂಪಾದನೆಯಿಂದ ಪಾಲು ಕೊಡಬೇಕಾಯಿತು. ಕೆಲವೇ ವರ್ಷಗಳಲ್ಲಿ ಸುಂಕವನ್ನು ತೆಗೆದುಹಾಕಿದರು. ಸೇತುವೆಯು ಯಾರದು, ಅದರ ಮೇಲೆ ಮೊದಲ ಹಕ್ಕು ಯಾರಿಗೆ ಎಂಬ ಪ್ರಶ್ನೆಯು ಇಲ್ಲಿಂದಲೇ ಆರಂಭವಾಯಿತೆಂಬುದನ್ನು ವಾಚಕರು ಗಮನಿಸಬೇಕು. ಹಡಗಿಗೋ, ಬಂಡಿಗೋ, ಕಾಲಾಳಿಗೋ? ೧೮೮೫ರಲ್ಲಿ ಕುದುರೆ ಎಳೆಯುವ ಟ್ರಾಂ ಗಾಡಿಗಳು ಪಟ್ಟಣಕ್ಕೆ ಬಂದ ಮೇಲೆ ಈ ಪೈಪೋಟಿಗೆ ಇನ್ನೊಬ್ಬರು ಸೇರಿದರು.

೧೮೯೩ರ ಫೆಬ್ರವರಿ ತಿಂಗಳನ್ನು ಬ್ರಿಸ್ಬೇನಿನವರು ಈಗಲೂ ಕರಾಳವೆಂದೇ ನೆನೆಯುತ್ತಾರೆ. ಆ ತಿಂಗಳ ಮೂರನೆಯ ತಾರೀಖು ಪಟ್ಟಣದ ಉತ್ತರಕ್ಕಿರುವ ಕ್ರೊಹಾಮ್‌ಹರ್ಸ್ಟ್ ಎಂಬಲ್ಲಿ ಒಂದೇ ದಿನದಲ್ಲಿ ೯೦೭ ಮಿಲಿಮೀಟರು, ಎಂದರೆ ಹೆಚ್ಚು ಕಡಿಮೆ ೩೬ ಅಂಗುಲ ಮಳೆ ಸುರಿಯಿತು. ಒಂದು ವರ್ಷದಲ್ಲಿಯೂ ಇಷ್ಟು ಮಳೆಯನ್ನು ಕಾಣದ ನಾಡುಗಳೆಷ್ಟೋ ಇವೆ. ನದಿಯು ಉಕ್ಕಿ, ಪಟ್ಟಣದ ಅಳತೆಗಂಬದಲ್ಲಿ ೮.೩೫ ಮೀಟರಿನವರೆಗೆ ಏರಿತು. ಮೇಲಿನ ಇಂಡೂರೂಪಿಲ್ಲಿಯ ರೈಲು ಸೇತುವೆಯು ಕೊಚ್ಚಿಹೋಯಿತು. ಮನೆಗಳಿಗೆ ಮನೆಗಳೇ ತೇಲಿಬಂದು ವಿಕ್ಟೋರಿಯಾ ಸೇತುವೆಯ ಕಂಬಗಳಿಗೆ ಬಡಿದವು. ಆರನೆಯ ತಾರೀಖು ಸೇತುವೆಯ ಉತ್ತರ ಭಾಗವು ಮುರಿದು ಹೊಳೆಯ ಪಾಲಾಯಿತು. ಅದೇ ತಿಂಗಳಲ್ಲಿ ಇನ್ನೆರಡು ಸಲ ಪ್ರವಾಹ ಬಂದಿತು. ಮೊದಲನೆಯ ಪ್ರವಾಹವು ಪಾಲುಮ ಎಂಬ ಸರ್ಕಾರದ ಯುದ್ಧನೌಕೆಯನ್ನು ಎತ್ತಿ ತಂದು ಸಸ್ಯೋದ್ಯಾನದ ಹುಲ್ಲಿನ ಮೇಲೆ ಕೂರಿಸಿಬಿಟ್ಟಿದ್ದಿತು. ಅದನ್ನು ನೀರಿಗಿಳಿಸುವುದು ಹೇಗೆಂದು ಜನರು ತಲೆ ಕೆಡಿಸಿಕೊಳ್ಳುತ್ತಿರುವಾಗಲೇ ಮೂರನೆಯ ಪ್ರವಾಹವು ಬಂದು ಅದನ್ನು ಮತ್ತೆ ಎತ್ತಿ ಹೊಳೆಗೆ ಸೇರಿಸಿತು. ಪ್ರಕೃತಿಯು ತಾನು ಮಾಡಿದ ಅನ್ಯಾಯವನ್ನು ತಾನೇ ಸರಿಪಡಿಸುವುದು ಅಪರೂಪ. ಯುದ್ಧನೌಕೆಗೆ ಒದಗಿದ ಈ ಭಾಗ್ಯವು ಸೇತುವೆಗೆ ಒದಗಲಿಲ್ಲ.

ಸೇತುವೆಯಿಲ್ಲದ ಪಟ್ಟಣದ ಗತಿಯೇನೆಂಬುದು ಮೂರು ವರ್ಷದ ಮೇಲೆ ತಿಳಿಯಿತು. ಮುರಿದ ಭಾಗಕ್ಕೆ ಹಾಕಿದ್ದ ಮರದ ತಾತ್ಕಾಲಿಕ ಸೇತುವೆಯು ೧೮೯೬ರ ಫೆಬ್ರವರಿಯ ನೆರೆಯಲ್ಲಿ ಕೆಟ್ಟು, ದಾಟುವುದಕ್ಕೆ ಉಗಿದೋಣಿಗಳೇ ಗತಿಯಾದವು. ೧೩ನೆಯ ತಾರೀಖು ಪರ್ಲ್ ಎಂಬ ದೋಣಿಯು ಜನರನ್ನು ತುಂಬಿಕೊಂಡು ಹೋಗುತ್ತಿದ್ದಾಗ, ನೆರೆಯ ಸೆಳೆತಕ್ಕೆ ಸಿಕ್ಕಿ, ಲಂಗರು ಹಾಕಿ ನಿಂತಿದ್ದ ಲುಸಿಂಡ ಎಂಬ ಸರ್ಕಾರಿ ನೌಕೆಗೆ ಬಡಿದು ಇಬ್ಭಾಗವಾಯಿತು. ಅನೇಕರು ನೀರುಪಾಲಾದರು. ಈ ಲುಸಿಂಡ ನೌಕೆಯಲ್ಲಿ ಕುಳಿತೇ ೧೮೯೧ರಲ್ಲಿ ಸರ್ ಸಾಮ್ಯುಯೆಲ್ ಗ್ರಿಫಿತ್ ಮೊದಲಾದವರು ಆಸ್ಟ್ರೇಲಿಯಾ ಒಕ್ಕೂಟದ ರಾಜ್ಯಾಂಗದ ಕರಡನ್ನು ತಿದ್ದಿದ್ದರು. ಒಂದು ಖಂಡದ ಪ್ರಾಂತಗಳನ್ನೆಲ್ಲ ಒಂದುಗೂಡಿಸುವ ಕಾಗದಪತ್ರವನ್ನು ಹೊತ್ತ ಹಡಗು, ಒಂದು ಹೊಳೆಯ ಎರಡು ದಡಗಳ ನಡುವೆ ಇಂತಹ ಅನಾಹುತಕ್ಕೆ ನಿಮಿತ್ತವಾಯಿತು.

ಮೂರನೆಯ ಸೇತುವೆಯು ಆಲ್ಫ್ರೆಡ್ ಬಾರ್ಟನ್ ಬ್ರೇಡಿ ಎಂಬ ಸರ್ಕಾರಿ ಶಿಲ್ಪಿಯ ಯೋಜನೆಯಂತೆ ಕಟ್ಟಲ್ಪಟ್ಟು ೧೮೯೭ರಲ್ಲಿ ಪೂರ್ಣವಾಯಿತು. ಉಕ್ಕಿನ ಬಾಗಿದ ತೊಲೆಗಟ್ಟುಗಳೂ, ಎರಡು ತುದಿಗಳಲ್ಲಿ ಕಲ್ಲಿನ ಕಮಾನುಗಳೂ ಉಳ್ಳ ಗಂಭೀರವಾದ ಕಟ್ಟಡವದು. ಅದೇ ವರ್ಷ ವಿದ್ಯುತ್ತಿನ ಟ್ರಾಂ ಗಾಡಿಗಳು ಸಂಚಾರವನ್ನಾರಂಭಿಸಿದವು. ಎಪ್ಪತ್ತೆರಡು ವರ್ಷ ಈ ಸೇತುವೆಯು ಪಟ್ಟಣದ ಜನರನ್ನು ಹೊತ್ತಿತು.

೧೯೧೮ರ ಜೂನ್ ೯ನೆಯ ಭಾನುವಾರ ಈ ಸೇತುವೆಯ ದಕ್ಷಿಣ ತುದಿಯಲ್ಲಿ ನಡೆದ ಘಟನೆಯು ಚರಿತ್ರೆಯ ದೊಡ್ಡ ಗ್ರಂಥಗಳಲ್ಲಿ ಸೇರತಕ್ಕದ್ದಲ್ಲ. ಮಹಾಯುದ್ಧದಿಂದ ಹಿಂದಿರುಗಿದ ಗಾಯಾಳು ಸಿಪಾಯಿಗಳನ್ನು ಮೋಟಾರು ಗಾಡಿಗಳಲ್ಲಿ ಕೂರಿಸಿ ಮೆರವಣಿಗೆಯಲ್ಲಿ ಕರೆತರುತ್ತಿದ್ದರು. ಹೆಕ್ಟರ್ ವಾಸಿಲಿ ಎಂಬ ಹನ್ನೊಂದು ವರ್ಷದ ಬಾಲಕನು ಅಲ್ಲಿ ನಿಂತಿದ್ದನು. ಗ್ರೀಕ್ ಮನೆತನದ ಹುಡುಗ. ವೃತ್ತಪತ್ರಿಕೆಗಳನ್ನು ಮಾರಿ ಬಂದ ಕಾಸನ್ನು ಕೂಡಿಟ್ಟು, ಸಿಪಾಯಿಗಳಿಗೆ ಸಣ್ಣಪುಟ್ಟ ಉಡುಗೊರೆಗಳನ್ನು ಕೊಂಡು ತರುವುದು ಅವನ ಪದ್ಧತಿಯಾಗಿದ್ದಿತು. ಅಂದೂ ಹಾಗೆಯೇ ಸಿಪಾಯಿಗಳ ಕಡೆಗೆ ಉಡುಗೊರೆಗಳನ್ನು ಎಸೆಯುತ್ತಿದ್ದನು. ಮೆರವಣಿಗೆಯ ಗಾಡಿಯೊಂದು ಇನ್ನೊಂದಕ್ಕೆ ತಾಗದಂತೆ ತಪ್ಪಿಸಿಕೊಳ್ಳಲು ಪಕ್ಕಕ್ಕೆ ತಿರುಗಿ ಬಾಲಕನ ಮೇಲೆ ಹಾಯಿತು. ಹುಡುಗನು ಉಳಿಯಲಿಲ್ಲ. ಆ ವರ್ಷವೇ ಅವನ ಸ್ಮಾರಕವಾಗಿ ಸೇತುವೆಯ ದಕ್ಷಿಣದ ಕಟ್ಟೆಯ ಮೇಲೆ ಅಮೃತಶಿಲೆಯ ಫಲಕವೊಂದನ್ನು ನಿಲ್ಲಿಸಿದರು. ಆಗ ಮೋಟಾರು ಗಾಡಿಯು ವಿರಳವಾದ ವಸ್ತು. ಬಾಲಕನ ಮರಣವನ್ನು ಯಾರೂ ಗಾಡಿಯ ದೋಷವೆಂದಾಗಲಿ ಸೇತುವೆಯ ಇಕ್ಕಟ್ಟಿನ ದೋಷವೆಂದಾಗಲಿ ವಿಚಾರಿಸಿದಂತೆ ತೋರುವುದಿಲ್ಲ. ದೇಶಭಕ್ತ ಬಾಲಕನ ದುರ್ವಿಧಿಯೆಂದು ಕಣ್ಣೀರು ಹಾಕಿ ಕಲ್ಲು ನೆಟ್ಟರು.

ಆಮೇಲೆ ಮೋಟಾರು ಗಾಡಿಗಳು ಬೆಳೆದುವು. ಅವುಗಳ ಹೊರೆಯನ್ನು ಹಂಚಿಕೊಳ್ಳಲು ೧೯೩೨ರಲ್ಲಿ ಮೇಲ್ಗಡೆ ಈಗ ವಿಲಿಯಂ ಜಾಲಿಯ ಹೆಸರಿರುವ ಸೇತುವೆಯೂ, ೧೯೪೦ರಲ್ಲಿ ಕೆಳಗಡೆ ಸ್ಟೋರಿ ಸೇತುವೆಯೂ ಎದ್ದುವು. ಆದರೂ ವಿಕ್ಟೋರಿಯಾ ಸೇತುವೆಯ ಮೇಲೆ ಟ್ರಾಂ, ಬಸ್ಸು, ಕಾರು, ಕಾಲಾಳು ಎಲ್ಲರೂ ಒತ್ತಿಕೊಂಡೇ ಹೋಗಬೇಕಾಗಿದ್ದಿತು. ಇಂತಹ ಇಕ್ಕಟ್ಟಿನಲ್ಲಿ ಯಾರಾದರೊಬ್ಬರು ದಾರಿ ಬಿಡಲೇಬೇಕು. ಅಂದಿನ ತೀರ್ಮಾನದಂತೆ ದಾರಿ ಬಿಟ್ಟುದು ಟ್ರಾಂ. ೧೯೬೨ರ ಸೆಪ್ಟೆಂಬರ್ ೨೮ರ ರಾತ್ರಿ ಪ್ಯಾಡಿಂಗ್ಟನ್ ಎಂಬಲ್ಲಿಯ ಟ್ರಾಂ ಕೊಟ್ಟಿಗೆಗೆ ಬೆಂಕಿ ಬಿದ್ದು ೬೫ ಗಾಡಿಗಳು ಬೂದಿಯಾದವು. ೧೯೬೫ರಲ್ಲಿ ಅಮೆರಿಕದ ವಿಲ್ಬರ್ ಸ್ಮಿತ್ ಎಂಬ ಸಂಸ್ಥೆಯವರು ಪಟ್ಟಣಕ್ಕೆ ವರದಿಯೊಂದನ್ನು ಒಪ್ಪಿಸಿ, ವಿಶಾಲವಾದ ಮೋಟಾರು ರಸ್ತೆಗಳನ್ನು ಮಾಡಬೇಕೆಂದೂ ಟ್ರಾಂ ತೆಗೆದು ಬಸ್ಸುಗಳನ್ನಿಡಬೇಕೆಂದೂ ಸೂಚಿಸಿದರು. ಲಾರ್ಡ್ ಮೇಯರ್ ಕ್ಲೆಮ್ ಜೋನ್ಸರ ಆಡಳಿತದಲ್ಲಿ ಹಾಗೆಯೇ ಆಯಿತು. ೧೯೬೯ರ ಏಪ್ರಿಲ್ ೧೩ರಂದು ಕೊನೆಯ ಟ್ರಾಂ ಓಡಿತು. ಅದೇ ತಿಂಗಳು ಕಾಂಕ್ರೀಟಿನ ನಾಲ್ಕನೆಯ ವಿಕ್ಟೋರಿಯಾ ಸೇತುವೆಯು ತೆರೆಯಿತು. ಹಳೆಯ ಸೇತುವೆಯನ್ನು ಕೆಡವಿದರೂ ದಕ್ಷಿಣದ ಕಲ್ಲಿನ ಕಟ್ಟೆಯನ್ನು ಉಳಿಸಿಕೊಂಡರು. ಬಾಲಕನ ಫಲಕವಿದ್ದುದು ಅದರ ಮೇಲೆಯೇ.

ಆ ಕಾಲದವರನ್ನು ಇಂದು ದೂಷಿಸುವುದು ಸುಲಭ. ಬೇಕೆಂದಲ್ಲಿಗೆ, ಬೇಕೆಂದಾಗ, ಯಾರನ್ನೂ ಕಾಯದೆ ಹೋಗಬಹುದೆಂಬ ಸ್ವಾತಂತ್ರ್ಯವು ಕಾರಿನಲ್ಲಿದ್ದಿತು. ದುಡಿಯುವ ಕುಟುಂಬಗಳಿಗೂ ಅದು ಆಗತಾನೆ ಕೈಗೆಟುಕುತ್ತಿದ್ದಿತು. ಒಬ್ಬನಿಗೆ ಸೌಖ್ಯವಾದುದು ಎಲ್ಲರೂ ಏಕಕಾಲದಲ್ಲಿ ಮಾಡಿದರೆ ಯಾರಿಗೂ ಸೌಖ್ಯವಾಗಲಾರದೆಂಬುದು ಅನುಭವದಿಂದಲೇ ತಿಳಿಯಬೇಕಾಯಿತು. ೧೯೮೨ರಲ್ಲಿ ಸೇತುವೆಯ ಉತ್ತರಕ್ಕೆ ಮುಂದುವರಿಯುವ ಕ್ವೀನ್ ಬೀದಿಯ ಒಂದು ಭಾಗವನ್ನು ಗಾಡಿಗಳಿಗೆ ಮುಚ್ಚಿ ಕಾಲಾಳುಗಳಿಗೆ ಬಿಟ್ಟರು. ದಕ್ಷಿಣ ತುದಿಯಲ್ಲಿ ಚಿತ್ರಶಾಲೆ, ನಾಟಕಶಾಲೆ, ವಸ್ತುಸಂಗ್ರಹಾಲಯಗಳು ಒಂದೊಂದಾಗಿ ಎದ್ದವು. ಹೀಗೆ ಎರಡು ಕಡೆಗಳಲ್ಲಿಯೂ ನಡೆದು ಬರುವ ಜನವು ಹೆಚ್ಚಿ, ನಡುವಣ ಸೇತುವೆ ಮಾತ್ರ ಕಾರಿನ ಹಾದಿಯಾಗಿ ಉಳಿಯಿತು.

ಇದಕ್ಕೆ ಮುಖ್ಯವಾದ ತಿರುವು ಕೊಟ್ಟುದು ಬಸ್ಸು. ೨೦೦೦-೨೦೦೧ರಲ್ಲಿ ಬ್ರಿಸ್ಬೇನಿನ ಆಗ್ನೇಯ ದಿಕ್ಕಿಗೆ ಬಸ್ಸುಗಳಿಗೆ ಮಾತ್ರವೇ ಮೀಸಲಾದ ರಸ್ತೆಯು ಸಿದ್ಧವಾಯಿತು. ರೈಲಿಗೆ ಹಳಿಯಿರುವಂತೆ ಬಸ್ಸಿಗೂ ತನ್ನದೇ ದಾರಿ, ತನ್ನದೇ ನಿಲ್ದಾಣಗಳು. ಹೊರವಲಯದಿಂದ ಬಸ್ಸುಗಳು ಅಡ್ಡಿಯಿಲ್ಲದೆ ಓಡಿಬಂದು ಸೇತುವೆಯ ದಕ್ಷಿಣ ತುದಿಯ ಕಲ್ಚರಲ್ ಸೆಂಟರ್ ನಿಲ್ದಾಣವನ್ನು ಸೇರುತ್ತಿದ್ದವು; ಅಲ್ಲಿಂದ ಮುಂದೆ ದೀಪಗಳ ಕೂಡುರಸ್ತೆ, ಕಾರುಗಳೊಡನೆ ಹಂಚಿಕೊಂಡ ಸೇತುವೆ. ದೊಡ್ಡ ಕೊಡದ ಬಾಯಿ ಕಿರಿದಾದರೆ ಕೊಡವೆಷ್ಟು ದೊಡ್ಡದಾದರೇನು? ಬೆಳಗಿನ ವೇಳೆ ಬಸ್ಸುಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಲ್ಲುವುದು ದಿನದಿನದ ನೋಟವಾಯಿತು. ಎರಡು ಮೂರು ಕಾರುಗಳು ನಿಲ್ಲುವ ಸ್ಥಳದಲ್ಲಿ ಅರುವತ್ತು ಮಂದಿಯನ್ನು ಹೊತ್ತ ಬಸ್ಸೊಂದು ನಿಲ್ಲಬಲ್ಲುದು. ಆ ಅರುವತ್ತು ಮಂದಿಯನ್ನು ತಡೆದು, ನಾಲ್ಕೈದು ಮಂದಿಗೆ ದಾರಿ ಬಿಡುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ. ಸೇತುವೆಯನ್ನು ದಾಟುವ ಗಾಡಿಗಳನ್ನೆಣಿಸಿದರೆ ಒಂದು ಉತ್ತರ, ತಲೆಗಳನ್ನೆಣಿಸಿದರೆ ಬೇರೊಂದು ಉತ್ತರ.

ಈ ಎಣಿಕೆಯನ್ನು ಆ ಪಟ್ಟಣವು ಬೇರೊಂದು ಕಡೆ ಆಗಲೇ ಪರೀಕ್ಷಿಸಿ ನೋಡಿದ್ದಿತು. ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯವು ಸೇಂಟ್ ಲೂಸಿಯಾ ಎಂಬಲ್ಲಿ ನದಿಯ ದೊಡ್ಡ ತಿರುವಿನೊಳಗೆ ಇದೆ. ೧೯೨೬ರಲ್ಲಿ ಜೇಮ್ಸ್ ಮೇನ್ ಎಂಬ ವೈದ್ಯರೂ ಅವರ ಅಕ್ಕನೂ ಕೊಟ್ಟ ದಾನದಿಂದ ದೊರೆತ ಭೂಮಿಯದು. ಎದುರುದಡದ ಡಟನ್ ಪಾರ್ಕಿನಿಂದ ಅದು ಕೂಗಳತೆಯ ದೂರ. ಆದರೂ ರಸ್ತೆಯಲ್ಲಿ ಬರುವವರು ಪಟ್ಟಣವನ್ನೆಲ್ಲ ಸುತ್ತಿ ಬರಬೇಕು, ಇಲ್ಲವೇ ದೋಣಿಯನ್ನು ಕಾಯಬೇಕು. ೨೦೦೬ರ ಡಿಸೆಂಬರಿನಲ್ಲಿ ಅಲ್ಲಿ ತೆರೆದ ಸೇತುವೆಯು ಮೊದಲಿನಿಂದಲೇ ಬಸ್ಸು, ಬೈಸಿಕಲ್ಲು, ಪಾದಚಾರಿಗಳಿಗೆ ಮಾತ್ರವೆಂದು ಕಟ್ಟಿದುದು. ಆ ದೇಶದಲ್ಲಿ ಇಂತಹುದು ಅದೇ ಮೊದಲು. ಸುಮಾರು ೩೯೦ ಮೀಟರು ಉದ್ದದ ಆ ಸೇತುವೆಯನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಹಿಡಿದಿವೆ. ಅದಕ್ಕೆ ಇಟ್ಟ ಹೆಸರು ವಿಶೇಷವಾದುದು. ರಾಣಿಯರ, ಗವರ್ನರುಗಳ, ಮೇಯರುಗಳ ಹೆಸರನ್ನು ಬಿಟ್ಟು ಎಲಿನರ್ ಶೋನೆಲ್ ಎಂಬ ವಿದುಷಿಯ ಹೆಸರನ್ನಿಟ್ಟರು. ೧೯೦೨ರಲ್ಲಿ ಹುಟ್ಟಿ ೧೯೬೨ರಲ್ಲಿ ತೀರಿಕೊಂಡ ಆಕೆಯು, ಓದುಬರಹದಲ್ಲಿ ಹಿಂದುಳಿದ ಮಕ್ಕಳ ವಿಷಯವಾಗಿಯೂ, ಮೆದುಳಿನ ದೋಷದಿಂದ ಕೈಕಾಲುಗಳು ಸ್ವಾಧೀನದಲ್ಲಿಲ್ಲದ ಮಕ್ಕಳ ಶಿಕ್ಷಣದ ವಿಷಯವಾಗಿಯೂ ಬಾಳೆಲ್ಲ ಶ್ರಮಿಸಿದರು. ಅವರ ಪತಿ ಫ್ರೆಡ್ ಶೋನೆಲ್ ಆ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ನಡೆಯಲಾರದ ಮಕ್ಕಳಿಗೆ ಪಾಠ ಹೇಳಿಕೊಡುವ ಬಗೆಯನ್ನು ಹುಡುಕಿದವರ ಹೆಸರು, ಸ್ವಂತ ವಾಹನವಿಲ್ಲದ ವಿದ್ಯಾರ್ಥಿಗಳು ದಾಟುವ ಸೇತುವೆಗೆ ಬಂದುದು ಉಚಿತವೇ ಸರಿ.

ಆದರೆ ಶೋನೆಲ್ ಸೇತುವೆಯಲ್ಲಿ ಯಾರಿಂದಲೂ ಏನನ್ನೂ ಕಿತ್ತುಕೊಂಡಂತಾಗಲಿಲ್ಲ. ಇಲ್ಲದಿದ್ದ ಹಾದಿಯೊಂದು ಹೊಸದಾಗಿ ಹುಟ್ಟಿತು, ಅಷ್ಟೆ. ವಿಕ್ಟೋರಿಯಾ ಸೇತುವೆಯಲ್ಲಿ ಐವತ್ತು ವರ್ಷದ ರೂಢಿಯನ್ನು ತಪ್ಪಿಸಬೇಕಾಗಿದ್ದಿತು. ೨೦೧೬ರಲ್ಲಿ ಅಂದಿನ ಲಾರ್ಡ್ ಮೇಯರ್ ಗ್ರಹಾಂ ಕ್ವಿರ್ಕ್ ಅವರು ಬ್ರಿಸ್ಬೇನ್ ಮೆಟ್ರೋ ಎಂಬ ಯೋಜನೆಯನ್ನು ಮುಂದಿಟ್ಟಾಗ ಅದರೊಳಗೆ ಈ ಸೇತುವೆಯಿಂದ ಕಾರುಗಳನ್ನು ತೆಗೆಯುವ ಮಾತೂ ಸೇರಿದ್ದಿತು. ಮೊದಲು ರಬ್ಬರು ಚಕ್ರದ ರೈಲೆಂದಿದ್ದುದು ಮರುವರ್ಷ ಉದ್ದವಾದ ವಿದ್ಯುತ್ ಬಸ್ಸುಗಳೆಂದು ಬದಲಾಯಿತು. ಸೇತುವೆಯ ತೀರ್ಮಾನ ಮಾತ್ರ ಬದಲಾಗಲಿಲ್ಲ. ೨೦೨೧ರಲ್ಲಿ ಅದು ಕಾರ್ಯಕ್ಕೆ ಬಂದಿತು. ಸೇತುವೆಯನ್ನು ಮುಚ್ಚಿದರೆಂದೇ ಸಾಮಾನ್ಯವಾಗಿ ಹೇಳುವರು. ಸಾವಿರಾರು ಜನರು ಹಗಲಿರುಳು ದಾಟುತ್ತಿರುವ ಸೇತುವೆಯನ್ನು ಮುಚ್ಚಿದುದೆನ್ನುವುದು ವಿಚಿತ್ರವಾದ ಮಾತು; ಕಾರಿನಲ್ಲಿ ಕುಳಿತವನನ್ನು ಮಾತ್ರವೇ ದಾರಿಹೋಕನೆಂದು ಎಣಿಸಿದರೆ ಅದು ಸರಿಯಾದೀತು.

ಈ ಏರ್ಪಾಡಿಗೆ ಹೇಳಬಹುದಾದ ಆಕ್ಷೇಪಣೆಗಳನ್ನು ಹಗುರವಾಗಿ ತಳ್ಳಿಬಿಡುವುದು ನ್ಯಾಯವಲ್ಲ. ಇಲ್ಲಿಂದ ಹೊರಬಿದ್ದ ಕಾರುಗಳು ಮಾಯವಾಗುವುದಿಲ್ಲ. ಅವುಗಳಲ್ಲಿ ಕೆಲವಾದರೂ ಜಾಲಿ ಸೇತುವೆಗೋ, ೧೯೭೨ರಲ್ಲಿ ತೆರೆದ ಕ್ಯಾಪ್ಟನ್ ಕುಕ್ ಸೇತುವೆಗೋ ಹೋಗಿ ಅಲ್ಲಿಯ ಸಾಲನ್ನು ಬೆಳೆಸುತ್ತವೆ. ಬಸ್ಸು ಹತ್ತಿ ಇಳಿಯಲಾರದ ರೋಗಿಗೂ, ಬಸ್ಸು ಹೋಗದ ಊರಿನಿಂದ ಬರುವವನಿಗೂ ಸುತ್ತುದಾರಿಯು ಕಷ್ಟವೇ. ಬಸ್ಸುಗಳ ಸಂಖ್ಯೆಯೂ ವೇಳೆಯೂ ಸರಿಯಾಗಿಲ್ಲದಿದ್ದರೆ ಮೀಸಲು ಹಾದಿಯು ಬರಿದಾಗಿ ಬಿದ್ದಿರುವುದನ್ನು ಜನರು ಸಹಿಸಲಾರರು. ಮೀಸಲು ಎಂಬುದು ಒಬ್ಬರಿಗೆ ಕೊಡುವುದರೊಡನೆ ಇನ್ನೊಬ್ಬರಿಂದ ತೆಗೆದುಕೊಳ್ಳುವುದೂ ಹೌದು; ಆ ಕೊಡುಕೊಳೆಯ ಲೆಕ್ಕವು ಬಸ್ಸುಗಳು ಚೆನ್ನಾಗಿ ಓಡುವವರೆಗೆ ಮಾತ್ರ ಸಮನಾಗಿರುವುದು. ಆದರೆ ೧೯೬೯ರಲ್ಲಿ ಟ್ರಾಮಿನವರಿಂದ ತೆಗೆದುಕೊಂಡಾಗಲೂ ಇಂತಹುದೇ ಮೀಸಲು ನಡೆದಿದ್ದಿತು. ಅದಕ್ಕೆ ಅಂದು ಮೀಸಲೆಂಬ ಹೆಸರಿರಲಿಲ್ಲ, ಪ್ರಗತಿಯೆಂಬ ಹೆಸರಿದ್ದಿತು.

ನಾಲ್ಕನೆಯ ಸೇತುವೆಯು ೧೯೭೪, ೨೦೧೧, ೨೦೨೨ರ ಪ್ರವಾಹಗಳನ್ನು ಕಂಡು ನಿಂತಿದೆ. ಅವುಗಳಲ್ಲಿ ೧೯೭೪ರದೇ ಹೆಚ್ಚಿನದು. ಪಟ್ಟಣದ ಅಳತೆಗಂಬದಲ್ಲಿ ನೀರು ೫.೪೫ ಮೀಟರು ಏರಿದ್ದಿತು. ಈಗ ಅದರ ಮೇಲೆ ಬೈಸಿಕಲ್ಲುಗಳಿಗೆ ಬೇರೆ ಹಾದಿಯುಂಟು, ನಡೆಯುವವರಿಗೆ ಬೇರೆ ಹಾದಿಯುಂಟು. ೨೦೨೫ರಲ್ಲಿ ಮೆಟ್ರೋ ಬಸ್ಸುಗಳು ನಿತ್ಯದ ಓಡಾಟವನ್ನು ಆರಂಭಿಸಿದವು. ಒಂದೊಂದು ಗಾಡಿಯೂ ೨೪ ಮೀಟರಿಗಿಂತ ಉದ್ದ. ಮೂರು ಭಾಗಗಳಾಗಿ ಬಾಗುತ್ತ, ನೂರೈವತ್ತು ಮಂದಿಯನ್ನು ಹೊತ್ತು ಸಾಗುತ್ತದೆ. ಅದನ್ನು ಬಸ್ಸೆನ್ನಬೇಕೋ ಟ್ರಾಂ ಎನ್ನಬೇಕೋ ಎಂದು ಅಲ್ಲಿಯ ಜನರು ಇನ್ನೂ ತರ್ಕಿಸುತ್ತಿದ್ದರೆ ಆಶ್ಚರ್ಯವಿಲ್ಲ. ದಕ್ಷಿಣ ತುದಿಯಲ್ಲಿ, ಹಳೆಯ ಸೇತುವೆಯಿಂದ ಉಳಿದ ಕಲ್ಲಿನ ಕಟ್ಟೆಯ ಮೇಲೆ, ಹೆಕ್ಟರ್ ವಾಸಿಲಿಯ ಫಲಕವಿದೆ.